ಒಂಬತ್ತು ಮಿಸ್ಡ್ ಕಾಲ್: ಮಗು ನೋಡಿಕೊಳ್ಳುವ ಹುಡುಗಿಯೊಬ್ಬಳ ಪ್ರಕರಣ

ಇದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಸೀಮೆಯಲ್ಲಿ, ಒಂದು ಕಾಫಿ ತೋಟದ ಮನೆಯಲ್ಲಿ ನಡೆದದ್ದು. ಮನೆಯವರನ್ನೂ ಹುಡುಗಿಯನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಊರು, ತೋಟ, ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಯಾವುದರ ನಂತರ ಯಾವುದು ನಡೆಯಿತು ಅನ್ನೋದು ಮಾತ್ರ ಇದ್ದ ಹಾಗೇ ಇದೆ.

ನಾನು ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಿಯಾದವಳು. ಈಗ ಹಾಸನದಲ್ಲಿದ್ದೇನೆ. ಸ್ತ್ರೀಶಕ್ತಿ ಸಂಘಗಳವರು ಕರೆದರೆ ಹೋಗಿ ಪ್ರಥಮ ಚಿಕಿತ್ಸೆ ಹೇಳಿಕೊಡುತ್ತೇನೆ. ಈ ಪ್ರಕರಣ ನನ್ನ ಹತ್ತಿರ ಬಂದದ್ದೂ ಹಾಗೆಯೇ. ಘಟನೆಯಾದ ಎರಡು ವಾರಕ್ಕೆ ಆ ಊರಿನ ಸಂಘದಲ್ಲಿ ಮಾತಾಡಲು ಹೋಗಿದ್ದೆ. ಮೀಟಿಂಗ್ ಮುಗಿದ ಮೇಲೆ ಒಬ್ಬ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು, "ನನ್ ಮಗಳನ್ನ ಎಲ್ಲರೂ ಬೈತಾವ್ರೆ ಸಿಸ್ಟರ್, ಅವಳು ಮಾಡಿದ್ದು ತಪ್ಪಾ?" ಅಂತ ಕೇಳಿದರು.

ಮನೆ ಮತ್ತು ಮನೆಯವರು

ಅಪ್ಪ ತೋಟದ ರೈಟರ್, ಅಂದರೆ ತೋಟದ ಲೆಕ್ಕ, ಆಳುಗಳ ಹಾಜರಿ ನೋಡಿಕೊಳ್ಳುವವರು. ಅಮ್ಮ ಹದಿನಾಲ್ಕು ಕಿಲೋಮೀಟರ್ ದೂರದ ಶಾಲೆಯಲ್ಲಿ ಟೀಚರ್. ಮಗನಿಗೆ ಆಗ ಎರಡು ವರ್ಷ ನಾಲ್ಕು ತಿಂಗಳು. ಅವನನ್ನು ಪುಟ್ಟ ಅಂತಲೇ ಕರೆಯೋಣ. ಮನೆಯಲ್ಲಿ ಅಜ್ಜಿಯೂ ಇದ್ದಾರೆ. ಅವರಿಗೆ ಎಪ್ಪತ್ತೈದು ದಾಟಿದೆ, ಕಿವಿ ಮಂದ, ಮಂಡಿ ನೋವು. ಮಗುವಿನ ಹಿಂದೆ ಓಡುವುದು ಅವರಿಂದ ಆಗದ ಮಾತು. ಹಾಗಾಗಿ ಪಕ್ಕದ ಹುಡುಗಿಯನ್ನು ಗೊತ್ತು ಮಾಡಿದ್ದರು. ಅವಳಿಗೆ ಕಾವ್ಯ ಅಂತ ಹೆಸರಿಡುತ್ತೇನೆ, ನಿಜವಾದ ಹೆಸರು ಬೇರೆ. ಹತ್ತೊಂಬತ್ತು ವರ್ಷ. ಬಿ.ಕಾಂ. ಅರ್ಧಕ್ಕೆ ಬಿಟ್ಟು ಮನೆಯಲ್ಲಿದ್ದಳು. ಬೆಳಿಗ್ಗೆ ಎಂಟಕ್ಕೆ ಬಂದರೆ ಸಂಜೆ ನಾಲ್ಕೂವರೆವರೆಗೆ. ತಿಂಗಳಿಗೆ ಐದು ಸಾವಿರ.

ನಮ್ಮ ಕಡೆ ಈ ಕೆಲಸಕ್ಕೆ ಸರಿಯಾದ ಹೆಸರೇ ಇಲ್ಲ. "ಮಗು ನೋಡ್ಕೊಳ್ಳೋಕೆ ಒಂದು ಹುಡುಗಿ ಬರ್ತಾಳೆ" ಅಂತಾರೆ, ಅಷ್ಟೇ. ಜೊತೆಗೆ ಪಾತ್ರೆ ತೊಳೆಯುವುದು, ಅಜ್ಜಿಗೆ ಮಾತ್ರೆ ಕೊಡುವುದು, ಬಚ್ಚಲ ಹಂಡೆ ಒಲೆಗೆ ಸೌದೆ ಹಾಕುವುದು ಒಂದೊಂದಾಗಿ ಸೇರಿಕೊಂಡಿದ್ದವು.

ಕಾವ್ಯ ಕೆಲಸಕ್ಕೆ ಸೇರಿದ ದಿನ ಟೀಚರ್ ಅವಳಿಗೆ ಏನೇನು ಹೇಳಿದ್ದರು ಅಂತ ಇಬ್ಬರನ್ನೂ ಬೇರೆ ಬೇರೆ ಕೇಳಿದೆ. ಉತ್ತರ ಒಂದೇ ಬಂತು. ಅಂಗಳಕ್ಕೆ ಬಿಡಬೇಡ, ಇಂಬಳ (ಜಿಗಣೆ) ಹತ್ತುತ್ತೆ. ಶೀತದ ಗಾಳಿಗೆ ಟೋಪಿ ಹಾಕು. ಹನ್ನೊಂದಕ್ಕೆ ರಾಗಿ ಸರಿ, ಒಂದಕ್ಕೆ ಅನ್ನ. ಮೊಬೈಲ್ ತೋರಿಸಬೇಡ. ಅಷ್ಟರಲ್ಲಿ ಬಸ್ ಬಂತಂತೆ. ಒಂದು ತಾಯಿ ಹೇಳಬಹುದಾದ ಮಾತುಗಳೇ ಇವೆಲ್ಲ, ತಪ್ಪೇನಿಲ್ಲ. ಆದರೆ ಏನಾದರೂ ಆದರೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಹಾಗೆ ಏಳು ತಿಂಗಳು ಏನೂ ಆಗದೆ ಕಳೆಯಿತು.

ಆ ದಿನ

ಸೆಪ್ಟೆಂಬರ್ ತಿಂಗಳು. ಎರಡು ದಿನ ಹೊಡೆದ ಮಳೆ ನಿಂತು ಹೊಳವಾಗಿತ್ತು. ಇಂಥ ದಿನ ತೋಟಗಳಲ್ಲಿ ಕಳೆ ಹೊಡೆಯುವ ಮೆಷಿನ್ ಸದ್ದು ಶುರುವಾಗುತ್ತದೆ. ಮನೆಯ ಹಿಂದಿನ ಅಡಿಕೆ ಸಾಲಿನಲ್ಲಿ ಒಬ್ಬರು ಕಳೆ ಹೊಡೆಯುತ್ತಿದ್ದರು. ಈ ಮೆಷಿನ್‌ಗೆ ಬರೀ ಪೆಟ್ರೋಲ್ ಹಾಕುವಂತಿಲ್ಲ. ಲೀಟರಿಗೆ 20ರಿಂದ 40 ಮಿಲಿ ಲೆಕ್ಕದಲ್ಲಿ ಟೂಟಿ (2T) ಆಯಿಲ್, ಅಂದರೆ ಟೂ-ಸ್ಟ್ರೋಕ್ ಎಂಜಿನ್ನಿನ ಆಯಿಲ್ ಬೆರೆಸಬೇಕು. ಬೆರೆಸಿದ್ದನ್ನು ಯಾರೂ ಕ್ಯಾನಿನಲ್ಲಿ ಇಡುವುದಿಲ್ಲ. ನಮ್ಮ ಕಡೆಯ ಯಾವ ತೋಟಕ್ಕೆ ಬೇಕಾದರೂ ಹೋಗಿ ನೋಡಿ, ಅದು ಇರುವುದು ನೀರಿನ ಬಾಟ್ಲಿಯಲ್ಲಿ ಇಲ್ಲಾ ಕೂಲ್‌ಡ್ರಿಂಕ್ಸ್ ಬಾಟ್ಲಿಯಲ್ಲಿ. ಅವತ್ತಿನದು ಅರ್ಧ ಲೀಟರಿನ ಹಸಿರು ಲೆಮನ್ ಸೋಡಾ ಬಾಟ್ಲಿ. ಲೇಬಲ್ ಕೂಡ ಹಾಗೇ ಇತ್ತು. ಮೆಷಿನ್‌ಗೆ ತುಂಬಿಸಿ, ಮುಚ್ಚಳ ಸುಮ್ನೆ ಮೇಲಿಟ್ಟು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಟ್ಟು ಹೋಗಿದ್ದರು.

ಹನ್ನೊಂದು ದಾಟಿತ್ತು. ಕಾವ್ಯ ಅಡುಗೆಮನೆಯಲ್ಲಿ ರಾಗಿ ಸರಿ ತಿರುವುತ್ತಿದ್ದಳು. ಪುಟ್ಟ ಅವಳ ಕಾಲ ಹತ್ತಿರವೇ ಲೋಟ, ಸೌಟು ಇಟ್ಟುಕೊಂಡು ಆಡುತ್ತಿದ್ದ. ಹಿಂಬಾಗಿಲು ತೆರೆದಿತ್ತು, ಒಲೆಯ ಹೊಗೆ ಹೋಗಲಿ ಅಂತ. ಒಳಗಿನಿಂದ ಅಜ್ಜಿ ಕನ್ನಡಕ ಕಾಣುತ್ತಿಲ್ಲ ಅಂತ ಕೂಗಿದರು. ಕಾವ್ಯ ಉರಿ ಸಣ್ಣ ಮಾಡಿ ಹೋದಳು. ಕನ್ನಡಕ ಅಜ್ಜಿಯ ಮಡಿಲಲ್ಲೇ ಇತ್ತು. ಎರಡು ನಿಮಿಷ ಆಗಿರಬಹುದು ಅನ್ನುತ್ತಾಳೆ.

ಕೆಮ್ಮು ಕೇಳಿ ಓಡಿ ಬಂದಾಗ ಪುಟ್ಟ ಕಲ್ಲಿನ ಹತ್ತಿರ ನಿಂತು ಕೆಮ್ಮುತ್ತಿದ್ದ. ಅಂಗಿಯ ಮುಂಭಾಗ ಒದ್ದೆ. ಬಾಟ್ಲಿ ಕೆಳಗೆ ಬಿದ್ದು ಸುರಿಯುತ್ತಿತ್ತು. ಮೊದಲು ಸೋಡಾ ಅಂತಲೇ ಅಂದುಕೊಂಡಳಂತೆ. ಎತ್ತಿಕೊಂಡಾಗ ಅವನ ಬಾಯಿಂದ ಪೆಟ್ರೋಲ್ ಬಂಕಿನ ವಾಸನೆ ಬಂತು.

ಒಂದು ಮಾತು. ಆ ಕಲ್ಲಿನಿಂದ ಹಂಡೆ ಒಲೆಗೆ ಬರೀ ನಾಲ್ಕು ಹೆಜ್ಜೆ. ನಾನು ಅಳೆದು ನೋಡಿದೆ. ಅವತ್ತು ಒಲೆಯಲ್ಲಿ ಕೆಂಡ ಇತ್ತು. ಇದು ಯಾರಿಗೂ ಹೊಳೆದೇ ಇರಲಿಲ್ಲ, ನಾನು ಹೇಳಿದ ಮೇಲೆ ಟೀಚರ್ ಅಲ್ಲೇ ಕುಸಿದು ಕೂತರು.

ಮುಂದಿನ ಇಪ್ಪತ್ತು ನಿಮಿಷ

ಇಲ್ಲಿಂದ ಮುಂದಿನದನ್ನು ಕಾವ್ಯಳ ಫೋನಿನ ಕಾಲ್ ಲಿಸ್ಟ್ ಇಟ್ಟುಕೊಂಡು ಜೋಡಿಸಿದೆವು. ನೆನಪು ಮೋಸ ಮಾಡುತ್ತದೆ, ಕಾಲ್ ಲಿಸ್ಟ್ ಮಾಡುವುದಿಲ್ಲ.

ಮೊದಲ ತಿರುವು ಅಜ್ಜಿಯದು. ವಾಸನೆ ಅವರಿಗೂ ಬಂತು. ಒಂದು ಲೋಟ ನೀರಿಗೆ ಹಿಡಿ ಉಪ್ಪು ಹಾಕಿ ತಂದು, "ಕುಡ್ಸೇ ಹುಡ್ಗಿ, ವಾಂತಿ ಆಗ್ಲಿ, ಎಲ್ಲ ಹೊರಗ್ ಬರ್ತದೆ" ಅಂದರು. ಹಿರಿಯರು ಹೇಳಿದ್ದು, ಕಾವ್ಯ ಕುಡಿಸಿದಳು. ಎರಡು ಗುಟುಕು ಇಳಿದಿತ್ತು, ಪುಟ್ಟ ಜೋರಾಗಿ ಕೆಮ್ಮಿದ, ಮುಖ ಕೆಂಪಾಯಿತು. ಅವಳು ಲೋಟ ಪಕ್ಕಕ್ಕಿಟ್ಟಳು. ಅಜ್ಜಿ ಬೈದರೂ ಮತ್ತೆ ಕುಡಿಸಲಿಲ್ಲ. "ಯಾಕೆ ನಿಲ್ಲಿಸಿದೆ?" ಅಂತ ಕೇಳಿದೆ. "ಗೊತ್ತಿಲ್ಲ ಸಿಸ್ಟರ್, ಅವನು ಕೆಮ್ಮಿದ ರೀತಿ ನೋಡಿ ಭಯ ಆಯ್ತು" ಅಂದಳು.

ಆ ಭಯವೇ ಮಗುವನ್ನು ಅರ್ಧ ಉಳಿಸಿತು. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಹೊಟ್ಟೆಗೆ ಹೋದದ್ದಕ್ಕಿಂತ ಶ್ವಾಸಕೋಶಕ್ಕೆ ಹೋದದ್ದು ಹೆಚ್ಚು ಅಪಾಯ. ನೀರಿಗಿಂತ ತೆಳ್ಳಗಿನ ದ್ರವ, ಕೆಮ್ಮಿದರೆ ಸಾಕು, ಉಸಿರಿನ ನಾಳಕ್ಕೆ ಜಾರುತ್ತದೆ. ಒಳಗೆ ಹೋದರೆ ಶ್ವಾಸಕೋಶ ಊದಿಕೊಳ್ಳುತ್ತದೆ. ವಾಂತಿ ಮಾಡಿಸಿದರೆ ಅದೇ ದ್ರವ ಗಂಟಲಿಗೆ ಇನ್ನೊಂದು ಸಲ ಬಂದ ಹಾಗೆ. ಅದಕ್ಕೇ ಇಂಥದ್ದರಲ್ಲಿ ಉಪ್ಪುನೀರು, ಹುಣಸೆ ನೀರು, ಗಂಟಲಿಗೆ ಬೆರಳು ಯಾವುದೂ ಬೇಡ. ಹಾಲು, ಮಜ್ಜಿಗೆಯೂ ಬೇಡ. ತಾನಾಗಿಯೇ ವಾಂತಿ ಬಂದರೆ ಮಗುವನ್ನು ಪಕ್ಕಕ್ಕೆ ತಿರುಗಿಸಿ, ತಲೆ ತಗ್ಗಿರುವ ಹಾಗೆ ಹಿಡಿಯಬೇಕು. ಇನ್ನೊಂದು ವಿಷಯ: ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇರೆ ವಿಷಕ್ಕೂ ಮದ್ದಲ್ಲ. ಅಷ್ಟೊಂದು ಉಪ್ಪೇ ಸಣ್ಣ ಮಗುವಿಗೆ ವಿಷ.

ಎರಡನೆಯ ತಿರುವು ಫೋನು. ಮನೆಯೊಳಗೆ ಸಿಗ್ನಲ್ ಇಲ್ಲ. ಗೇಟಿನ ಆಚೆ ಹಲಸಿನ ಮರದ ಬುಡದಲ್ಲಿ ಎರಡು ಕಡ್ಡಿ ಬರುತ್ತದೆ. ಮಲೆನಾಡಿನ ಪ್ರತಿ ಮನೆಗೂ ಇಂಥದ್ದೊಂದು ಮರವೋ ಬಂಡೆಯೋ ಇದ್ದೇ ಇರುತ್ತದೆ ಅಲ್ವಾ. ಪುಟ್ಟನನ್ನು ಶಾಲಿನಲ್ಲಿ ಸುತ್ತಿ ಎತ್ತಿಕೊಂಡು ಅಲ್ಲಿಗೆ ಓಡಿದಳು. 11.12ಕ್ಕೆ ಮೊದಲ ಕರೆ, ಟೀಚರ್‌ಗೆ. ಎತ್ತಲಿಲ್ಲ. ಫೋನು ಸ್ಟಾಫ್ ರೂಮಿನ ಬ್ಯಾಗಿನಲ್ಲಿ, ಸೈಲೆಂಟ್‌ನಲ್ಲಿ. ಆಮೇಲೆ ರೈಟರ್‌ಗೆ. ಅವರಿದ್ದ ಜಾಗದಲ್ಲಿ ರೇಂಜ್ ಇಲ್ಲ. ಮತ್ತೆ ಟೀಚರ್‌ಗೆ, ಮತ್ತೆ ರೈಟರ್‌ಗೆ. 11.23ರವರೆಗೆ ಒಟ್ಟು ಒಂಬತ್ತು ಕರೆ. 108ಕ್ಕೆ ಮೊದಲ ಕರೆ ಹೋಗಿದ್ದು 11.24ಕ್ಕೆ.

ಹನ್ನೆರಡು ನಿಮಿಷ. ಅವಳಿಗೆ 108 ಗೊತ್ತಿರಲಿಲ್ಲ ಅಂತಲ್ಲ. 2008ರಿಂದ ಕರ್ನಾಟಕದಲ್ಲಿ ಓಡುತ್ತಿರುವ ಆಂಬುಲೆನ್ಸ್, ಸ್ಕೂಲಿನ ಮಕ್ಕಳಿಗೂ ಗೊತ್ತು. "ಮತ್ಯಾಕೆ ಮೊದಲೇ ಮಾಡಲಿಲ್ಲ?" ಅಂದರೆ ಸ್ವಲ್ಪ ಹೊತ್ತು ನೆಲ ನೋಡಿದಳು. ಆಮೇಲೆ ಹೇಳಿದಳು: "ಅವರ ಮಗು ಅಲ್ವಾ ಸಿಸ್ಟರ್. ಅವರನ್ನ ಕೇಳದೆ ಆಂಬುಲೆನ್ಸ್ ಕರೆಸಿ, ಆಮೇಲೆ ಏನೂ ಆಗಿಲ್ಲ ಅಂದ್ರೆ? ನಾನ್ಯಾರು ಆಸ್ಪತ್ರೆಗೆ ಕರ್ಕೊಂಡ್ ಹೋಗೋಕೆ?"

ನನ್ನ ಮಟ್ಟಿಗೆ ಇಡೀ ಪ್ರಕರಣ ಇರುವುದು ಈ ಮಾತಿನಲ್ಲಿ. ಬಾಟ್ಲಿ ಇಟ್ಟವರು, ಬಾಗಿಲು ತೆರೆದದ್ದು, ಕನ್ನಡಕ, ಎಲ್ಲ ಇದರ ಮುಂದೆ ಸಣ್ಣದು. ಇಡೀ ದಿನಕ್ಕೆ ಮಗುವನ್ನು ಅವಳ ಕೈಗೆ ಕೊಟ್ಟಿದ್ದರು. ತೀರ್ಮಾನ ಮಾತ್ರ ಕೊಟ್ಟಿರಲಿಲ್ಲ.

ಮೂರನೆಯದು ವಿಳಾಸ. 108ರವರು ಎಲ್ಲಿ ಅಂತ ಕೇಳಿದಾಗ ಕಾವ್ಯ "ರೈಟರ್ ಮನೆ" ಅಂದಳು. ಹುಟ್ಟಿದ ಊರು, ಅವಳಿಗೆ ವಿಳಾಸವೇ ಬೇಕಾಗಿರಲಿಲ್ಲ. ಯಾವ ಪಂಚಾಯಿತಿ, ಮೇನ್ ರೋಡಿನಿಂದ ಯಾವ ಕಡೆ ತಿರುಗಬೇಕು, ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಮಗು ಅಳುತ್ತಿತ್ತು, ಇವಳೂ ಅಳುತ್ತಿದ್ದಳು. ಕೂಗು ಕೇಳಿ ಮೆಷಿನ್ ನಿಲ್ಲಿಸಿ ಓಡಿ ಬಂದ ಕಳೆ ಹೊಡೆಯುವವರು ಫೋನು ತೆಗೆದುಕೊಂಡು ದಾರಿ ಹೇಳಿದರು. ಗಾಡಿ ಬರಲು ದೂರ ಇದೆ ಅಂತ ಗೊತ್ತಾದಾಗ, "ನಾವು ಬಸ್ ಸ್ಟಾಪ್‌ವರೆಗೆ ಬರ್ತೀವಿ, ಅಲ್ಲಿ ಸಿಗಿ" ಅಂದವರೂ ಅವರೇ. ತೋಟದ ಮಣ್ಣು ರಸ್ತೆ ಮಳೆಗೆ ಕೆಸರಾಗಿತ್ತು, ಆಂಬುಲೆನ್ಸ್ ಒಳಗೆ ಬಂದು ತಿರುಗಿಸುವುದೇ ಹದಿನೈದು ನಿಮಿಷ ಆಗುತ್ತಿತ್ತು. ಪಕ್ಕದ ಮನೆಯ ಓಮ್ನಿ ಸಿಕ್ಕಿತು. ಇದು ಒಳ್ಳೆಯ ತೀರ್ಮಾನ. ಆದರೆ ಜಾಗ ಹೇಳಿ, ಒಪ್ಪಿಕೊಂಡು, ಹೊರಡಬೇಕು. ಹೇಳದೆ ಹೊರಟು ದಾರಿಯಲ್ಲಿ ಒಬ್ಬರನ್ನೊಬ್ಬರು ದಾಟಿ ಹೋದ ಕೇಸುಗಳನ್ನು ನನ್ನ ಸರ್ವಿಸಿನಲ್ಲಿ ನೋಡಿದ್ದೇನೆ.

ಓಮ್ನಿ ಹತ್ತುವಾಗ ಕಾವ್ಯ ಒಂದು ಕೆಲಸ ಮಾಡಿದಳು. "ಬಾಟ್ಲಿ ಎಲ್ಲಿ ಅಣ್ಣಾ?" ಅಂದಳು. ಆ ಮನುಷ್ಯನ ಮುಖ ಬಿಳುಚಿಕೊಂಡಿತು. ಹೆದರಿಕೆಗೆ ಬಾಟ್ಲಿಯನ್ನು ಆಗಲೇ ಬೇಲಿಯೊಳಗೆ ಎಸೆದು ಬಂದಿದ್ದರು. ತನ್ನ ತಲೆಗೆ ಬರುತ್ತದೆ ಅಂತ. ಕಾವ್ಯ ಕೂಗಾಡಿದ ಮೇಲೆ ಹುಡುಕಿ ತಂದು ಕೊಟ್ಟರು. ಅವರೂ ಜೊತೆಗೇ ಹತ್ತಿದರು.

ಆಸ್ಪತ್ರೆಯಲ್ಲಿ

12.20ಕ್ಕೆ ತಾಲ್ಲೂಕು ಆಸ್ಪತ್ರೆ. ಡಾಕ್ಟರ ಮೊದಲ ಪ್ರಶ್ನೆ: "ಪೆಟ್ರೋಲಾ, ಕಳೆನಾಶಕನಾ?" ತೋಟದಿಂದ ಬಂದ ಮಗು ಅಂದರೆ ಯಾರಾದರೂ ಹೀಗೇ ಕೇಳುತ್ತಾರೆ. ಕಳೆನಾಶಕ ಕೂಡ ಇಂಥದ್ದೇ ಬಾಟ್ಲಿಗಳಲ್ಲಿ ಇರುತ್ತದೆ, ಅದರ ದಾರಿಯೇ ಬೇರೆ, ಕೆಲವಂತೂ ಒಂದು ಗುಟುಕಿಗೇ ಪ್ರಾಣ ತೆಗೆಯುತ್ತವೆ. ಕಾವ್ಯ ಬಾಟ್ಲಿ ಮುಂದಿಟ್ಟಳು. ಡಾಕ್ಟರು ಮೂಸಿ ನೋಡಿದರು, ಕಳೆ ಹೊಡೆಯುವವರು ಎಷ್ಟು ಪೆಟ್ರೋಲ್, ಎಷ್ಟು ಆಯಿಲ್ ಅಂತ ಹೇಳಿದರು. ಒಂದು ನಿಮಿಷದಲ್ಲಿ ಗೊಂದಲ ಮುಗಿಯಿತು.

ಮಿಕ್ಕ ಪ್ರಶ್ನೆಗಳಿಗೆ ಉತ್ತರ ಇರಲಿಲ್ಲ. ತೂಕ ಎಷ್ಟು? ಯಾವುದಾದರೂ ಔಷಧಿ ಆಗಲ್ವಾ? ಮೊದಲು ಉಬ್ಬಸ ಇತ್ತಾ? ಕೊನೆಯದಾಗಿ ಯಾವಾಗ ಏನು ತಿಂದ? ಇನ್ನೊಂದು, ಶಾಲು ಬಿಚ್ಚಿದಾಗ ಒಳಗೆ ಅದೇ ಒದ್ದೆ ಅಂಗಿ ಇತ್ತು. ಎದೆಯ ಚರ್ಮ ಅಂಗೈಯಗಲ ಕೆಂಪಾಗಿ ಉರಿಯುತ್ತಿತ್ತು. ಪೆಟ್ರೋಲ್ ತಾಗಿದ ಬಟ್ಟೆ ಕೂಡಲೇ ತೆಗೆದು ಸೋಪು ನೀರಿನಲ್ಲಿ ಮೈ ತೊಳೆಯಬೇಕಿತ್ತು. ಶೀತ ಆಗುತ್ತೆ ಅಂತ ಶಾಲು ಸುತ್ತಿದ್ದಳು. ಏಳು ತಿಂಗಳು ಕೇಳಿದ್ದು ಅದನ್ನೇ ತಾನೆ.

ಹೊಟ್ಟೆ ತೊಳೆಯಲಿಲ್ಲ. ಯಾಕೆ ತೊಳೆಯುತ್ತಿಲ್ಲ ಅಂತ ಓಮ್ನಿಯವರು ಜಗಳಕ್ಕೇ ನಿಂತರಂತೆ. ಪೆಟ್ರೋಲಿಗೆ ಸಾಮಾನ್ಯವಾಗಿ ತೊಳೆಯುವುದಿಲ್ಲ, ಕಾರಣ ಮೇಲೆ ಹೇಳಿದ್ದೇ. ಆಕ್ಸಿಜನ್ ನೋಡಿದರು, ಎಕ್ಸ್‌ರೇ ತೆಗೆದರು, ಮಲಗಿಸಿಕೊಂಡು ಕಾದರು. ಇಂಥ ಕೇಸಿನಲ್ಲಿ ಮೊದಲ ಆರೆಂಟು ಗಂಟೆ ಕಾಯುವುದೇ ದೊಡ್ಡ ಚಿಕಿತ್ಸೆ. ಚೆನ್ನಾಗಿ ಆಡುತ್ತಿರುವ ಮಗುವಿಗೂ ಆಮೇಲೆ ಉಸಿರಾಟ ಜೋರಾಗಬಹುದು.

ವಿಷದ ಕೇಸು ಅಂದಮೇಲೆ ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್) ಅಂತ ಬರೆಯುತ್ತಾರೆ, ಪೊಲೀಸರಿಗೆ ಮಾಹಿತಿ ಹೋಗುತ್ತದೆ. ಅದು ಆಸ್ಪತ್ರೆಯ ಕ್ರಮ, ಯಾರನ್ನೋ ಹಿಡಿಯಲು ಅಲ್ಲ. ಕಾವ್ಯಳಿಗೆ ಇದನ್ನು ಯಾರು ಹೇಳಬೇಕು? ಪೊಲೀಸ್ ಅಂತ ಕೇಳಿದ್ದೇ, ಎದ್ದು ಹೋಗಿಬಿಡೋಣ ಅನ್ನಿಸಿತಂತೆ. ಪುಟ್ಟ ಅವಳ ಬೆರಳು ಹಿಡಿದುಕೊಂಡಿದ್ದ, ಬಿಡಲಿಲ್ಲ. ಕೂತಳು.

ಟೀಚರ್ ಒಂದೂವರೆಗೆ ಬಂದರು. ಬಂದವರೇ ಎಲ್ಲರ ಮುಂದೆ ಕಾವ್ಯಳನ್ನು ಬೈದರು. ಆ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ, ಅವರಿಗೇ ಈಗ ಅದು ನೆನಪಿಸಿಕೊಳ್ಳಲು ಇಷ್ಟವಿಲ್ಲ. ರಾತ್ರಿ ಪುಟ್ಟನಿಗೆ ಜ್ವರ ಬಂತು, ಉಸಿರಾಟ ಜೋರಾಯಿತು. ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕಳಿಸಿದರು. ಮೂರು ದಿನ ಅಲ್ಲಿದ್ದು, ನಾಲ್ಕನೆಯ ದಿನ ನಗುತ್ತಾ ಮನೆಗೆ ಬಂದ. ಕಾವ್ಯ ಕೆಲಸಕ್ಕೆ ಬರಲಿಲ್ಲ.

ಆಮೇಲೆ ಮಾಡಿದ್ದು

ರೈಟರ್ ಮೊದಲು ಮಾಡಿದ ಕೆಲಸ ಕ್ಯಾಮೆರಾ ತಂದು ಹಾಕಿದ್ದು. ಎರಡು ಸಾವಿರದ ಚಿಲ್ಲರೆ. ಅದಕ್ಕೆ ವೈಫೈ ಬೇಕು, ಕರೆಂಟು ಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಎರಡೂ ಅಪರೂಪ. ಇದ್ದರೂ ಏನು? ತೋಟದಲ್ಲಿ ಕೂತು ಮಗು ಪೆಟ್ರೋಲ್ ಕುಡಿಯುವುದನ್ನು ನೋಡಬಹುದಿತ್ತು, ಅಷ್ಟೇ. ಈಗ ಆ ಕ್ಯಾಮೆರಾ ಮೇಲೆ ಗುಬ್ಬಚ್ಚಿ ಕೂರುತ್ತದೆ.

ನಾನು ಹೋದ ಮೇಲೆ ಎರಡೂ ಮನೆಯವರನ್ನು ಒಟ್ಟಿಗೆ ಕೂರಿಸಿದೆ. ಕಳೆ ಹೊಡೆಯುವವರೂ ಬಂದರು. ಯಾರದು ತಪ್ಪು ಅನ್ನುವ ಪ್ರಶ್ನೆ ಬೇಡ, ಎಷ್ಟು ಹೊತ್ತಿಗೆ ಏನಾಯಿತು ಅಷ್ಟೇ ಹೇಳಿ ಅಂದೆ. ಕಾಲ್ ಲಿಸ್ಟ್ ಓದಿದಾಗ ಟೀಚರ್ ತಮ್ಮ ಫೋನು ತೆಗೆದು ನೋಡಿದರು. ಐದು ಮಿಸ್ಡ್ ಕಾಲ್ ಅವರದೇ ಫೋನಿನಲ್ಲಿದ್ದವು. "ಇವಳು ನಂಗೇ ಮಾಡ್ತಾ ಇದ್ಲಲ್ಲ" ಅಂದರು, ಸಣ್ಣ ದನಿಯಲ್ಲಿ. ಕಾವ್ಯ ಮರುದಿನದಿಂದ ಕೆಲಸಕ್ಕೆ ಬಂದಳು. ಸಂಬಳದ ವಿಷಯ ನಾನು ಮಾತಾಡಲಿಲ್ಲ, ಆದರೆ ಮುಂದಿನ ತಿಂಗಳು ಜಾಸ್ತಿ ಆಯಿತು ಅಂತ ಕೇಳಿದೆ.

ಆಮೇಲೆ ನಾನೂ ಕಾವ್ಯಳೂ ಮನೆಯನ್ನು ಮಂಡಿಯೂರಿಕೊಂಡು ಸುತ್ತಿದೆವು. ನಗಬೇಡಿ, ನಿಂತು ನೋಡಿದರೆ ಕಾಣುವ ಮನೆ ಬೇರೆ, ಎರಡೂವರೆ ಅಡಿ ಎತ್ತರದಿಂದ ಕಾಣುವ ಮನೆ ಬೇರೆ. ಅಜ್ಜಿಯ ಬಿಪಿ ಮಾತ್ರೆ ಮೂರು ಕಾಲಿನ ಸ್ಟೂಲ್ ಮೇಲೆ, ಮಗುವಿನ ಮೂಗಿಗೆ ಸರಿಯಾಗಿ ಇತ್ತು. ಎಲೆ ಅಡಿಕೆ ತಟ್ಟೆ ಚಾಪೆಯ ಮೇಲೆ, ಅದರಲ್ಲಿ ಸುಣ್ಣದ ಡಬ್ಬಿ. ಅಡಿಕೆ ಚೂರು ಗಂಟಲಿಗೆ ಸಿಕ್ಕಬಹುದು ಅಂತ ಎಲ್ಲರಿಗೂ ಗೊತ್ತು. ಸುಣ್ಣದ ಕೈ ಕಣ್ಣಿಗೆ ಹೋದರೆ ಕಣ್ಣೇ ಹೋಗಬಹುದು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಹಾಗಾದರೆ ಮೊದಲು ನೀರು, ಧಾರಾಳವಾಗಿ, ಬಹಳ ಹೊತ್ತು. ಉಜ್ಜುವುದಲ್ಲ. ಬಚ್ಚಲಲ್ಲಿ ತುಂಬಿಟ್ಟ ಬಕೆಟ್. ಈ ವಯಸ್ಸಿನ ಮಗು ತಲೆ ಕೆಳಗಾಗಿ ಬಿದ್ದರೆ ಸ್ವಲ್ಪವೇ ನೀರು ಸಾಕು. ಮುರಿದ ಆಟದ ಕಾರಿನೊಳಗೆ ಗುಂಡಿಯಂಥ ಬ್ಯಾಟರಿ ಸಿಕ್ಕಿತು. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟು ತೂತು ಮಾಡಬಲ್ಲದು. ಕಾರಿನ ಜೊತೆಗೇ ಹೊರಗೆ ಹೋಯಿತು.

ಪೆಟ್ರೋಲಿಗೆ ತೋಟದವರು ಕೆಂಪು ಕ್ಯಾನು ತಂದರು, ಗೋದಾಮಿನಲ್ಲಿ ಬೀಗ. ಮನೆಯ ಹಿಂದೆ ಕೆಲಸ ಇದ್ದ ದಿನ ಮೊದಲೇ ತಿಳಿಸುತ್ತಾರೆ.

ಅಡುಗೆಮನೆ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದೆವು. ಮೊದಲ ಸಾಲು 108, ಮತ್ತೆ ಎಲ್ಲ ತುರ್ತಿಗೂ ಇರುವ 112. ಕೆಳಗೆ ಓಮ್ನಿಯವರು, ಒಬ್ಬ ಆಟೋದವರು, ಆಶಾ ಕಾರ್ಯಕರ್ತೆ, ತೋಟದ ಆಫೀಸಿನ ಲ್ಯಾಂಡ್‌ಲೈನ್, ಶಾಲೆಯ ಹೆಡ್‌ಮಾಸ್ಟರ ನಂಬರು. ಟೀಚರ ಫೋನು ಬ್ಯಾಗಿನಲ್ಲಿದ್ದರೆ ಹೆಡ್‌ಮಾಸ್ಟರು ಹೋಗಿ ಕರೆಯಬಹುದಲ್ಲ. ವಿಷದ ವಿಷಯಕ್ಕೆ ದೆಹಲಿಯ ಏಮ್ಸ್‌ನ ಮಾಹಿತಿ ಕೇಂದ್ರದ ಉಚಿತ ನಂಬರು 1800 116 117. ಮನೆಗೆ ಬರುವ ದಾರಿಯನ್ನು ವಿಳಾಸದ ಥರ ಬರೆಯಲಿಲ್ಲ, ಬಾಯಲ್ಲಿ ಹೇಳುವ ಹಾಗೇ ಬರೆದೆವು: ಯಾವ ತಾಲ್ಲೂಕು, ಯಾವ ಪಂಚಾಯಿತಿ, ಬಸ್ ಸ್ಟಾಪ್ ದಾಟಿ ಎಡಕ್ಕೆ, ಮಾರಿಗುಡಿ, ಎರಡನೇ ಗೇಟು. ಹೆದರಿದವರು ಯೋಚಿಸಬೇಕಾಗಿಲ್ಲ, ಓದಿದರೆ ಸಾಕು. ಪುಟ್ಟನ ತೂಕ, ರಕ್ತದ ಗುಂಪು, ಯಾವ ಔಷಧಿಯೂ ಅಲರ್ಜಿ ಇಲ್ಲ ಅನ್ನುವುದೂ ಅಲ್ಲೇ. ಸಾಸಿವೆ ಡಬ್ಬಿಯಲ್ಲಿ ಸಾವಿರ ರೂಪಾಯಿ.

112ರ ಬಗ್ಗೆ ಒಂದು ವಿಷಯ ಅವರಿಗೆ ಹೊಸದಾಗಿತ್ತು. ನಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ಆ ಕರೆ ಹೋಗುವ ಸಾಧ್ಯತೆ ಇದೆ. ಹಲಸಿನ ಮರಕ್ಕೆ ಓಡುವ ಮೊದಲು ಒಂದು ಸಲ ಒತ್ತಿ ನೋಡಬಹುದು.

ಎಲ್ಲಕ್ಕಿಂತ ಹೊತ್ತು ಹಿಡಿದದ್ದು ಒಂದೇ ಒಂದು ಸಾಲು. ಅದನ್ನು ಟೀಚರೇ ತಮ್ಮ ಕೈಯಲ್ಲಿ ಬರೆಯಬೇಕು ಅಂದೆ. "ಮೊದಲು ಮಗುವನ್ನು ನೋಡು, ಆಮೇಲೆ 108, ಆಮೇಲೆ ನಮಗೆ. ನಮ್ಮನ್ನು ಕೇಳಬೇಡ." ಪೆನ್ನು ಹಿಡಿದು ಸುಮಾರು ಹೊತ್ತು ಕೂತಿದ್ದರು. ಸುಮ್ನೆ ಆಂಬುಲೆನ್ಸ್ ಕರೆಸಿಬಿಟ್ಟರೆ ಅಂತ ರೈಟರ್ ಅಂದರು. ಕರೆಸಲಿ ಬಿಡಿ, ಏನೂ ಆಗಿಲ್ಲದಿದ್ದರೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ ಅಂದೆ. ಬರೆದು ಸಹಿ ಹಾಕಿದರು.

ಗಂಟಲಿಗೆ ಸಿಕ್ಕಿಕೊಂಡರೆ ಮಾಡುವುದನ್ನು ಟವೆಲ್ ಸುತ್ತಿ ಮಾಡಿದ ಗೊಂಬೆಯ ಮೇಲೆ ಹೇಳಿಕೊಟ್ಟೆ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಬೇಕು. ಸದ್ದು ನಿಂತು ಉಸಿರು ಕಟ್ಟಿದರೆ ಮುಂದಕ್ಕೆ ಬಗ್ಗಿಸಿ ಬೆನ್ನಿನಲ್ಲಿ ಎರಡು ಹೆಗಲ ಮೂಳೆಗಳ ಮಧ್ಯೆ ಅಂಗೈಯಿಂದ ಐದು ಪೆಟ್ಟು, ಆಮೇಲೆ ಹೊಕ್ಕುಳಿಗಿಂತ ಸ್ವಲ್ಪ ಮೇಲೆ, ಒಳಕ್ಕೂ ಮೇಲಕ್ಕೂ ಐದು ಒತ್ತು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಮುಟ್ಟುವಂತಿಲ್ಲ, ಎದೆಯ ಮೇಲೆ ಒತ್ತಬೇಕು. ಕಾಣದ ವಸ್ತುವಿಗೆ ಬಾಯೊಳಗೆ ಬೆರಳು ಹಾಕಬಾರದು. ಕಾವ್ಯ ಮೊದಲ ಸಲ ಗೊಂಬೆಗೆ ನೋವಾಗುತ್ತೆ ಅನ್ನುವ ಹಾಗೆ ಮೆಲ್ಲಗೆ ತಟ್ಟಿದಳು. ಐದನೇ ಸಲಕ್ಕೆ ಟವೆಲ್ ಬಿಚ್ಚಿಹೋಯಿತು. ಸಾಕು ಅಂದೆ.

ಅಜ್ಜಿಗೂ ಒಂದು ಕೆಲಸ ಬೇಕಿತ್ತು. ಸುಮ್ಮನಿರಿ ಅಂದರೆ ಅವರು ಸುಮ್ಮನಿರುವವರಲ್ಲ, ಮುಂದಿನ ಸಲವೂ ಉಪ್ಪುನೀರು ಬಂದೇ ಬರುತ್ತದೆ. ಅದಕ್ಕೆ ಗೋಡೆ ಗಡಿಯಾರದ ಜವಾಬ್ದಾರಿ ಕೊಟ್ಟೆ. ಏನಾದರೂ ಆದರೆ ಎಷ್ಟು ಹೊತ್ತಿಗೆ ಆಯಿತು ಅಂತ ನೋಡಿಟ್ಟುಕೊಳ್ಳುವುದು ನಿಮ್ಮ ಕೆಲಸ, ಡಾಕ್ಟರು ಮೊದಲು ಕೇಳುವುದೇ ಅದು ಅಂದೆ. ತುಂಬಾ ಗಂಭೀರವಾಗಿ ಒಪ್ಪಿಕೊಂಡರು.

ಸರಿ ಹೋಗದ್ದು

ಎಲ್ಲ ನೆಟ್ಟಗಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ನವೆಂಬರಿನಲ್ಲಿ ನಾನು ಹೇಳದೆ ಕೇಳದೆ ಹೋದೆ. ದೀಪಾವಳಿಗೆ ಸುಣ್ಣ ಬಣ್ಣ ಮಾಡುವಾಗ ಹಾಳೆ ಕಿತ್ತಿದ್ದರು, ಮತ್ತೆ ಅಂಟಿಸಿರಲಿಲ್ಲ. ಸಾಸಿವೆ ಡಬ್ಬಿಯಲ್ಲಿ ಮುನ್ನೂರು ರೂಪಾಯಿ ಇತ್ತು, ಹಾಲಿನವನಿಗೆ ಚಿಲ್ಲರೆ ಕೊಟ್ಟು ಕೊಟ್ಟು. ಆಟೋದವರ ನಂಬರು ಬದಲಾಗಿತ್ತು. ಬೆಳಿಗ್ಗೆ ಐದು ನಿಮಿಷ ಕೂತು ಮಾತಾಡಿ ಅಂತ ಹೇಳಿದ್ದೆ. ರಾತ್ರಿ ಹೇಗಿದ್ದ, ಏನು ತಿಂದ, ಇವತ್ತು ಯಾರು ಬರುತ್ತಾರೆ, ತೋಟದಲ್ಲಿ ಏನು ಕೆಲಸ. ಅದು ಬಸ್ಸಿನ ಅವಸರದಲ್ಲಿ ಎರಡು ನಿಮಿಷಕ್ಕೆ ಇಳಿದಿತ್ತು. ಎರಡಾದರೂ ಉಳಿದಿದೆಯಲ್ಲ ಅಂದುಕೊಂಡೆ. ಹಾಳೆಯನ್ನು ಈಗ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದಾರೆ, ಅಲ್ಲಿಗೆ ಬಣ್ಣ ಬಳಿಯುವುದಿಲ್ಲ. ತಿಂಗಳ ಮೊದಲ ಶನಿವಾರ ಕಾವ್ಯ ಅದರಲ್ಲಿರುವ ನಂಬರುಗಳಿಗೆ ಒಂದೊಂದು ರಿಂಗ್ ಕೊಡುತ್ತಾಳೆ, 108, 112 ಮತ್ತು ಏಮ್ಸ್ ಬಿಟ್ಟು.

ಜನವರಿ

ಕಾಫಿ ಕುಯ್ಲಿನ ಕಾಲ. ಮನೆಗೆ ಬಂದ ಯಾರೋ ಅರ್ಧ ಕುಡಿದ ಕಾಫಿ ಲೋಟವನ್ನು ಜಗುಲಿ ಅಂಚಿನಲ್ಲಿಟ್ಟು ಮಾತಿಗೆ ನಿಂತರು. ಪುಟ್ಟ ಎಳೆದ. ಎಡ ಮುಂಗೈ ಮೇಲೆ ಬಿಸಿ ಕಾಫಿ.

ಕಾವ್ಯ ಅವನನ್ನು ಎತ್ತಿಕೊಂಡು ಹೋಗಿ ನಲ್ಲಿ ಕೆಳಗೆ ಕೈ ಹಿಡಿದಳು. ತೋಳಿನ ಬೆಳ್ಳಿ ಬಳೆ ಊದುವ ಮೊದಲೇ ತೆಗೆದಳು. ಬಂದವರಲ್ಲಿ ಒಬ್ಬರು ಕಾಫಿಪುಡಿ ಹಾಕಿ ಅಂದರು, ಇನ್ನೊಬ್ಬರು ಪೇಸ್ಟ್ ಅಂದರು. ಹರಿಯುವ ತಣ್ಣೀರು, ಇಪ್ಪತ್ತು ನಿಮಿಷ, ಬೇರೇನೂ ಬೇಡ ಅಂತ ನಾನು ಹೇಳಿದ್ದು ಅವಳಿಗೆ ನೆನಪಿತ್ತು. ಅಜ್ಜಿ ಕುರ್ಚಿ ಎಳೆದುಕೊಂಡು ಗಡಿಯಾರದ ಎದುರು ಕೂತರಂತೆ. ಹತ್ತು ನಿಮಿಷಕ್ಕೆ ಪುಟ್ಟನ ಅಳು ನಿಂತಿತು, ಸಾಕು ಬಿಡೇ ಅಂತ ನೆಂಟರು ಅಂದರೆ ಅಜ್ಜಿಯೇ, "ಇನ್ನೂ ಹತ್ತು ಅದೆ" ಅಂದರಂತೆ.

ಕೆಂಪಾಗಿತ್ತು, ಒಂದು ಕಡೆ ಸಣ್ಣ ಬೊಬ್ಬೆ. ಬೊಬ್ಬೆ ಒಡೆಯದೆ ಶುಭ್ರವಾದ ಬಟ್ಟೆ ಸಡಿಲವಾಗಿ ಮುಚ್ಚಿ, ಡಬ್ಬಿಯ ದುಡ್ಡು ತೆಗೆದುಕೊಂಡು, ಆಟೋ ಕರೆಸಿ ಡಾಕ್ಟರ ಹತ್ತಿರ ಹೊರಟಳು. ಆಟೋ ಹತ್ತಿದ ಮೇಲೆ ಹಲಸಿನ ಮರದ ಹತ್ತಿರ ನಿಲ್ಲಿಸಿ ಟೀಚರ್‌ಗೆ ಫೋನ್ ಮಾಡಿದಳು. ಈ ಸಲ ಒಂದೇ ರಿಂಗಿಗೆ ಎತ್ತಿದರು.

"ಆಗಿ ಅರ್ಧ ಗಂಟೆ ಆಯ್ತಾ? ಈಗ ಹೇಳ್ತಿದ್ದೀಯಾ?" ಟೀಚರ ದನಿ ಏರಿತು.

"ನೀವೇ ಬರೆದಿದ್ದೀರಲ್ಲ ಟೀಚರ್, ಕೊನೆಗೆ ನಿಮಗೆ ಅಂತ."

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲವಂತೆ. ಆಮೇಲೆ ಟೀಚರ್ ಕೇಳಿದರು, "ದುಡ್ಡು ಸಾಕಾಗುತ್ತಾ?"